ಹಸಿ ಮಾಂಸದ ರಕ್ಷಣೆಯೂ ಮನೆಯ ಸಂಬಾರ ಪದಾರ್ಥಗಳೂ

ಯುಗಾದಿಯ ಮಾರನೆಯ ದಿನವನ್ನು ಮಂಡ್ಯ, ಮೈಸೂರು, ರಾಮನಗರ ಮುಂತಾದ ಕಡೆಗಳ ಗ್ರಾಮಗಳಲ್ಲಿ ಹೊಸತೊಡಕೆಂದು ಆಚರಿಸುವ ಪದ್ಧತಿಯು ಎಲ್ಲರಿಗೂ ತಿಳಿದದ್ದೇ ಆಗಿದೆ. ಅಂದು ಹತ್ತಿಪ್ಪತ್ತು ಮನೆಗಳವರು ಹಣ ಕೂಡಿಸಿ, ಕುರಿಗಳನ್ನಾಗಲಿ ಮೇಕೆಗಳನ್ನಾಗಲಿ ಕೊಂಡು, ಬೆಳಗಿನ ಜಾವದಲ್ಲಿ ಕೊಯ್ಸಿ, ಮಾಂಸವನ್ನು ಸಮನಾದ ಗುಡ್ಡೆಗಳಾಗಿ ಹಾಕಿ ಹಂಚಿಕೊಳ್ಳುವರು. ಜನರು ಇದನ್ನು ಗುಡ್ಡೆಬಾಡೆಂದು ಕರೆಯುವರು. ಇದಕ್ಕೆಂದೇ ವರ್ಷವೆಲ್ಲಾ ಚೀಟಿ ಕಟ್ಟಿ ಹಣ ಕೂಡಿಹಾಕುವ ಊರುಗಳೂ ಉಂಟು. ಕೊಯ್ಯುವ ಮತ್ತು ಹಂಚುವ ಕೆಲಸವು ಸಾಮಾನ್ಯವಾಗಿ ಊರಿನ ಯಜಮಾನರ ಕಣದಲ್ಲೋ, ದೊಡ್ಡ ಜಮೀನುದಾರರ ತೋಪಿನಲ್ಲೋ ನಡೆಯುತ್ತದೆ. ಕಾಲವು ಬೇಸಿಗೆಯ ಮೊದಲು. ಹೊತ್ತು ಏರಿದಂತೆ ನೆರಳಿನಲ್ಲಿಯೂ ಶಾಖವು ೩೫ ಡಿಗ್ರಿಯವರೆಗೆ ಹೋಗುವುದುಂಟು. ಕೆಲವರು ತಮ್ಮ ಪಾಲನ್ನು ಏಳು ಗಂಟೆಗೇ ಒಯ್ಯುವರು. ಪಟ್ಟಣದಿಂದ ಬರುವ ಮಕ್ಕಳಿಗಾಗಿ ಕಾಯುವವರ ಪಾಲು ಮಧ್ಯಾಹ್ನದವರೆಗೆ ಅಲ್ಲಿಯೇ ಇರುವುದು. ಹೀಗೆ ಉಳಿದ ಮಾಂಸಕ್ಕೆ ಉಪ್ಪು, ಅರಿಸಿನ, ಅರೆದ ಬೆಳ್ಳುಳ್ಳಿ, ನಿಂಬೆಯ ರಸ ಇವುಗಳನ್ನು ಸವರಿ ಮುಚ್ಚಿಟ್ಟರೆ ಅದು ಕೆಡುವುದಿಲ್ಲವೆಂದು ಮನೆಯ ಹಿರಿಯ ಹೆಂಗಸರು ಹೇಳುವರು.

ಈ ಮಾತಿನ ವಿಷಯದಲ್ಲಿ ಎರಡು ಅಭಿಪ್ರಾಯಗಳು ಬಳಕೆಯಲ್ಲಿವೆ. ಅರಿಸಿನ, ಬೆಳ್ಳುಳ್ಳಿಗಳಿರುವಾಗ ಮಂಜುಗಡ್ಡೆಯೂ ಶೈತ್ಯದ ಪೆಟ್ಟಿಗೆಯೂ ಬೇಡವೆಂದು ಕೆಲವರು ವಾದಿಸುವರು. ಈಚೆಗೆ ಪಟ್ಟಣದ ಅಂಗಡಿಗಳಲ್ಲಿ ‘ಪ್ರಕೃತಿಸಿದ್ಧ’ವಾದ ರಕ್ಷಕ ಪುಡಿಗಳೆಂದು ಮಾರಾಟವಾಗತಕ್ಕ ಪೊಟ್ಟಣಗಳು ಈ ವಾದಕ್ಕೆ ಇನ್ನಷ್ಟು ಬಲ ಕೊಟ್ಟಿವೆ. ಇವೆಲ್ಲವೂ ಮೂಢ ನಂಬಿಕೆ, ಮಸಾಲೆಯಿರುವುದು ರುಚಿಗೆ ಮಾತ್ರ ಎಂದು ಓದಿದವರಲ್ಲಿ ಹಲವರು ನಗುವರು. ಇವೆರಡೂ ಸರಿಯಲ್ಲ. ಈ ಪದಾರ್ಥಗಳಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲತಕ್ಕ ಶಕ್ತಿಯು ನಿಜವಾಗಿಯೂ ಇದೆ. ಆದರೆ ಆ ಶಕ್ತಿಯು ಶುಚಿತ್ವ ಮತ್ತು ಶೈತ್ಯಗಳ ಜೊತೆಯಲ್ಲಿ ಸೇರಿದಾಗ ಮಾತ್ರ ಪ್ರಯೋಜನಕ್ಕೆ ಬರುವುದು. ಅವುಗಳ ಬದಲಾಗಿ ಉಪಯೋಗಿಸಿದಾಗ ಪ್ರಯೋಜನವಾಗದಿರುವುದಲ್ಲದೆ, ಕೆಲವು ವೇಳೆ ಅಪಾಯಕ್ಕೂ ದಾರಿಯಾಗುವುದು. ಇದನ್ನು ಗ್ರಾಮದ ಮುಖಂಡರು ಸ್ಪಷ್ಟವಾಗಿ ತಿಳಿದುಕೊಳ್ಳುವುದು ಅಗತ್ಯ. ಏಕೆಂದರೆ ಕೊಯ್ಯುವ ಸ್ಥಳವನ್ನು ಗೊತ್ತುಮಾಡುವವರು ಅವರೇ.

ಆರೋಗ್ಯವಾದ ಕುರಿಯ ಮಾಂಸಖಂಡದ ಒಳಭಾಗದಲ್ಲಿ ಬ್ಯಾಕ್ಟೀರಿಯಾಗಳು ಇಲ್ಲವೆಂದೇ ಹೇಳಬಹುದು. ಅವು ಹೊರಗಿನಿಂದ ಬರತಕ್ಕವು. ಕೆಸರು ಮೆತ್ತಿದ ಉಣ್ಣೆ, ಕರುಳನ್ನು ತೆಗೆಯುವಾಗ ಚೆಲ್ಲುವ ಹಿಕ್ಕೆ ಮತ್ತು ಹೊಟ್ಟೆಯ ಸತ್ವ, ಒಂದು ಕುರಿಯಿಂದ ಮತ್ತೊಂದಕ್ಕೆ ತೊಳೆಯದೆ ಹೋಗುವ ಕತ್ತಿ, ಹಳೆಯ ಮರದ ಕೊರಡು, ಕೆರೆಯ ನೀರು, ನೊಣ, ಕೊಯ್ಯುವವನ ಕೈ, ಇವೇ ಅವುಗಳ ಮೂಲ. ಹೀಗೆ ಮೇಲ್ಮೈಗೆ ಬಂದು ಸೇರಿದ ಬ್ಯಾಕ್ಟೀರಿಯಾಗಳು ಸ್ವಲ್ಪ ಕಾಲ ಸುಮ್ಮನಿದ್ದು, ಅನಂತರ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯತೊಡಗುವುವು. ಮೊದಲು ಅವು ಮಾಂಸದಲ್ಲಿರುವ ಅಲ್ಪ ಸಕ್ಕರೆಯನ್ನು ತಿನ್ನುವುವು; ಆಗ ವಾಸನೆಯೇನೂ ತಿಳಿಯುವುದಿಲ್ಲ. ಸಕ್ಕರೆಯು ಮುಗಿದ ಮೇಲೆ ಮಾಂಸದ ಸಾರವಾದ ಅಮೈನೋ ಆಮ್ಲಗಳಿಗೆ ಬಾಯಿಹಾಕುವುವು. ಆಗಲೇ ನಾತವು ಹುಟ್ಟುವುದು. ಒಂದು ಚದರ ಸೆಂಟಿಮೀಟರಿನಲ್ಲಿ ಅವುಗಳ ಸಂಖ್ಯೆಯು ಸುಮಾರು ಒಂದು ಕೋಟಿಗೆ ಮುಟ್ಟಿದಾಗ ವಾಸನೆಯೂ, ಅದರ ಹತ್ತರಷ್ಟಾದಾಗ ಕೈಗೆ ಅಂಟುವ ಲೋಳೆಯೂ ಕಾಣಿಸಿಕೊಳ್ಳುವುವು. ಗಾಳಿಗೆ ತೆರೆದಿಟ್ಟ, ತಣ್ಣಗಿರುವ ಮಾಂಸವನ್ನು ಕೆಡಿಸುವುದರಲ್ಲಿ ಸ್ಯೂಡೊಮೊನಾಸ್ ಎಂಬ ಜಾತಿಯದೇ ಮುಖ್ಯ ಪಾತ್ರ. ಶೈತ್ಯದ ಪೆಟ್ಟಿಗೆಯಲ್ಲಿಯೂ ಇದು ನಿಧಾನವಾಗಿ ಬೆಳೆಯುತ್ತಲೇ ಇರುವುದು.

ಇಲ್ಲಿ ಸ್ವಲ್ಪ ಲೆಕ್ಕವನ್ನು ಮಾಡಿ ನೋಡುವುದು ಒಳ್ಳೆಯದು. ಬಡ್ಡಿಯ ಲೆಕ್ಕ ತಿಳಿದವರಿಗೆ ಇದು ಕಷ್ಟವಲ್ಲ. ಬೇಸಿಗೆಯ ಶಾಖದಲ್ಲಿ ಈ ಜೀವಿಗಳು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುವುವೆಂದು ಇಟ್ಟುಕೊಳ್ಳೋಣ. ಅನುಕೂಲ ಹೆಚ್ಚಾಗಿದ್ದರೆ ೨೦ ನಿಮಿಷಗಳೇ ಸಾಕು. ಅಶುಚಿಯಾಗಿ ಕೊಯ್ದ ಕುರಿಯ ಮಾಂಸದ ಮೇಲೆ ಒಂದು ಚದರ ಸೆಂಟಿಮೀಟರಿಗೆ ೧೦,೦೦೦ ಇದ್ದರೆ, ಹತ್ತು ಸಲ ಇಮ್ಮಡಿಯಾಗುವಷ್ಟರಲ್ಲಿ, ಅಂದರೆ ೫ ಗಂಟೆಗಳಲ್ಲಿ, ಕೋಟಿಯನ್ನು ದಾಟುವುದು. ಜಾಗ್ರತೆಯಿಂದ ಕೊಯ್ದು ಆರಂಭದ ಸಂಖ್ಯೆಯನ್ನು ೧೦೦ಕ್ಕೆ ಇಳಿಸಿದ್ದರೆ, ಕೋಟಿಗೆ ಮುಟ್ಟಲು ಹದಿನೇಳು ಸಲ ಇಮ್ಮಡಿಯಾಗಬೇಕು. ಅಂದರೆ ಎಂಟೂವರೆ ಗಂಟೆ ಹಿಡಿಯುವುದು. ಮುಂಜಾನೆ ಐದಕ್ಕೆ ಕೊಯ್ದ ಮಾಂಸವು ಹತ್ತು ಗಂಟೆಗೆ ನಾರುವುದೋ, ಮಧ್ಯಾಹ್ನದ ಊಟದವರೆಗೆ ನಿಲ್ಲುವುದೋ ಎಂಬುದು ಯಾವ ಪುಡಿಯನ್ನೂ ಸವರುವುದಕ್ಕೆ ಮೊದಲೇ ನಿರ್ಧಾರವಾಗಿಬಿಟ್ಟಿರುವುದು.

ಪ್ರಕೃತಿಯು ಮಾಂಸಕ್ಕೆ ತಾನಾಗಿಯೇ ಕೊಟ್ಟಿರುವ ಒಂದು ರಕ್ಷಕ ದ್ರವ್ಯವುಂಟು. ಅದಕ್ಕೆ ಕಾಸು ಖರ್ಚಿಲ್ಲ. ಆದರೂ ಹಳ್ಳಿಗಳಲ್ಲಿ ಅದನ್ನು ದಿನದಿನವೂ ಹಾಳುಮಾಡುತ್ತಿರುವರು. ಅದೇ ಲ್ಯಾಕ್ಟಿಕ್ ಆಮ್ಲ, ಮೊಸರಿನಲ್ಲಿ ಇರತಕ್ಕ ಹುಳಿ. ಜೀವಂತವಾದ ಕುರಿಯ ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ಜಾತಿಯ ಪದಾರ್ಥವು ಶೇಖರವಾಗಿರುವುದು. ಕೊಯ್ದ ಮೇಲೆ ಇದು ಕ್ರಮೇಣ ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡುವುದು. ಅದರಿಂದ ಮಾಂಸದ ಪಿಎಚ್ ಎಂಬ ಆಮ್ಲತೆಯ ಅಳತೆಯು ೭ರ ಸಮೀಪದಿಂದ ೫.೫ರ ಸುಮಾರಿಗೆ ಇಳಿಯುವುದು. (ಈ ಅಳತೆಯಲ್ಲಿ ಅಂಕೆಯು ಇಳಿದಷ್ಟೂ ಹುಳಿಯು ಹೆಚ್ಚು.) ಹೀಗೆ ಹುಳಿಯೇರಿದ ಮಾಂಸದಲ್ಲಿ ಬ್ಯಾಕ್ಟೀರಿಯಾಗಳ ಬೆಳವಣಿಗೆಯು ಕುಂಠಿತವಾಗುವುದು. ಆದರೆ ಕುರಿಯು ದಣಿದಿದ್ದರೆ, ಹೆದರಿದ್ದರೆ, ಗ್ಲೈಕೋಜನ್ ಮೊದಲೇ ವ್ಯಯವಾಗಿ ಹೋಗಿರುವುದು. ಆಗ ಆಮ್ಲವು ಹುಟ್ಟುವುದಿಲ್ಲ. ಪಿಎಚ್ ೬ಕ್ಕಿಂತ ಕೆಳಗಿಳಿಯುವುದಿಲ್ಲ. ಮಾಂಸವು ಕಪ್ಪಾಗಿ, ಗಡಸಾಗಿ, ಒಣಗಿದಂತೆ ಕಾಣುವುದು. ಬ್ಯಾಕ್ಟೀರಿಯಾಗಳಿಗೆ ತಿನ್ನಲು ಸಕ್ಕರೆಯು ಇಲ್ಲದುದರಿಂದ ಅವು ಪ್ರಾರಂಭದಿಂದಲೇ ಅಮೈನೋ ಆಮ್ಲಗಳ ಮೇಲೆ ಬೀಳುವುವು. ಕೋಟಿಯ ಸಂಖ್ಯೆಯನ್ನು ಮುಟ್ಟುವುದಕ್ಕೆ ಮುಂಚೆಯೇ ನಾತವು ಹೊರಡುವುದು.

ಸಂತೆಯ ದಿವಸ ಸಾಯಂಕಾಲ ಕುರಿಯ ನಾಲ್ಕು ಕಾಲುಗಳನ್ನೂ ಕಟ್ಟಿ, ಮೋಟಾರು ಸೈಕಲ್ಲಿನ ಮೇಲೆ ಅಡ್ಡಹಾಕಿಕೊಂಡು ಇಪ್ಪತ್ತು ಮೈಲಿ ತಂದು, ರಾತ್ರಿಯೆಲ್ಲಾ ನೀರಿಲ್ಲದೆ ನಾಯಿಗಳು ಬೊಗಳುವ ಕಡೆ ಕಟ್ಟಿಹಾಕಿ, ಬೆಳಗಿನ ಜಾವ ಎಳೆದಾಡಿ ಕೊಯ್ಯುವುದು ಎಲ್ಲೆಲ್ಲಿಯೂ ಕಾಣತಕ್ಕ ಸಂಗತಿ. ಮಳವಳ್ಳಿಯ ಕಡೆಯ ಬಂಡೂರು ತಳಿಯ ಕುರಿಯು ಅದರ ಮಾಂಸದ ಮೃದುತ್ವಕ್ಕೂ ರುಚಿಗೂ ಹೆಸರಾದದ್ದು. ಅದಕ್ಕಾಗಿ ಜನರು ಹೆಚ್ಚು ಬೆಲೆಯನ್ನೂ ಕೊಡುವರು. ಅಷ್ಟು ಬೆಲೆ ಕೊಟ್ಟು ತಂದ ಕುರಿಯನ್ನು ಒಂದು ರಾತ್ರಿಯ ಅಲಕ್ಷ್ಯದಿಂದ ಕೆಡಿಸಿಕೊಂಡು, ಮರುದಿನ ಅದರ ಮೇಲೆ ಎರಡು ಹಿಡಿ ಅರಿಸಿನವನ್ನು ಚೆಲ್ಲುವುದರಿಂದ ಬರುವುದೇನು? ಕೊಯ್ಯುವ ಕುರಿಯನ್ನು ಹಿಂದಿನ ದಿನ ಬೆಳಿಗ್ಗೆಯೇ ತಂದು, ನೆರಳಿನಲ್ಲಿ ಒಣಗಿದ ನೆಲದ ಮೇಲೆ ಅದರ ಜೊತೆಯ ಕುರಿಗಳೊಡನೆ ಬಿಟ್ಟು, ಕೊಯ್ಯುವುದಕ್ಕೆ ಹನ್ನೆರಡು ಗಂಟೆಗಳ ಮುಂಚಿನಿಂದ ಮೇವನ್ನು ನಿಲ್ಲಿಸಿ, ಕುಡಿಯುವ ನೀರನ್ನು ಮಾತ್ರ ಬೇಕಾದಷ್ಟು ಇಡಬೇಕು. ಹೊಟ್ಟೆಯು ಬರಿದಾಗಿದ್ದರೆ ಕರುಳನ್ನು ತೆಗೆಯುವಾಗ ಒಡೆದು ಚೆಲ್ಲುವ ಭಯವೂ ಕಡಿಮೆ.

ಇನ್ನು ಸಂಬಾರ ಪದಾರ್ಥಗಳ ವಿಷಯ. ಇವುಗಳಲ್ಲಿ ಬೆಳ್ಳುಳ್ಳಿಯ ಗುಣವು ಎಲ್ಲಕ್ಕಿಂತ ವಿಚಿತ್ರವಾದದ್ದು. ಇಡೀ ಬೆಳ್ಳುಳ್ಳಿಯ ಎಸಳಿನಲ್ಲಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ವಸ್ತುವು ಇರುವುದೇ ಇಲ್ಲ. ಎಸಳನ್ನು ಜಜ್ಜಿದಾಗ ಬೇರೆ ಬೇರೆ ಕೋಣೆಗಳಲ್ಲಿದ್ದ ಎರಡು ಪದಾರ್ಥಗಳು ಒಂದಕ್ಕೊಂದು ಸೋಕಿ, ಆ ಕ್ಷಣದಲ್ಲಿಯೇ ಆಲಿಸಿನ್ ಎಂಬ ತೀಕ್ಷ್ಣವಾದ ವಸ್ತುವು ಹುಟ್ಟುವುದು. ಇದನ್ನು ೧೯೪೪ರಲ್ಲಿ ಅಮೆರಿಕದ ಕ್ಯಾವಲಿಟೊ ಮತ್ತು ಬೇಯ್ಲಿ ಎಂಬ ರಸಾಯನ ಶಾಸ್ತ್ರಜ್ಞರು ಬೇರ್ಪಡಿಸಿ ತೋರಿಸಿದರು. ಆದುದರಿಂದ ಇಡಿಯ ಎಸಳುಗಳನ್ನು ಮಾಂಸದ ನಡುವೆ ಹಾಕಿಡುವುದರಿಂದ ಫಲವಿಲ್ಲ. ಮೊದಲೇ ಬೇಯಿಸಿ ಅರೆದರೂ ಫಲವಿಲ್ಲ. ಅರೆದು ಬಹಳ ಹೊತ್ತು ಇಟ್ಟ ಬೆಳ್ಳುಳ್ಳಿಯಲ್ಲಿಯೂ ಶಕ್ತಿಯು ಕುಂದುತ್ತಾ ಹೋಗುವುದು. ಆಗತಾನೆ ಹಸಿಯಾಗಿ ಅರೆದು ಸವರಬೇಕೆಂದು ಅಜ್ಜಿಯರು ಹೇಳುತ್ತಿದ್ದ ಮಾತು ರಸಾಯನ ಶಾಸ್ತ್ರಕ್ಕೂ ಒಪ್ಪಿಗೆಯಾದದ್ದೇ.

ಲವಂಗದ ಎಣ್ಣೆಯ ಬಹುಭಾಗವು ಯುಜೆನಾಲ್ ಎಂಬ ವಸ್ತು. ಓಮದ ಎಣ್ಣೆಯಲ್ಲಿ ಥೈಮಾಲ್, ಚಕ್ಕೆಯ ಎಣ್ಣೆಯಲ್ಲಿ ಸಿನ್ನಮಾಲ್ಡಿಹೈಡ್ ಇವು ಮುಖ್ಯ. ಇವು ಬ್ಯಾಕ್ಟೀರಿಯಾದ ಹೊರಪೊರೆಯನ್ನು ಸಡಿಲಿಸಿ, ಅದರೊಳಗಿನ ಸಾರವು ಸೋರಿಹೋಗುವಂತೆ ಮಾಡುವುವು. ಈ ವಿಷಯದಲ್ಲಿ ಲವಂಗ, ಓಮ, ಚಕ್ಕೆಗಳೇ ಬಲಿಷ್ಠವಾದುವು. ಶುಂಠಿ ಮತ್ತು ಕರಿಮೆಣಸುಗಳು ಅವಕ್ಕಿಂತ ಬಹಳ ದುರ್ಬಲ. ಅರಿಸಿನವನ್ನು ಎಲ್ಲರೂ ಮೊದಲನೆಯದೆಂದು ಎಣಿಸುವರು. ಅದರ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲವೆಂದು ಹೇಳಬಹುದು. ಒದ್ದೆ ಮಾಂಸದ ಮೇಲೆ ಅದು ಪುಡಿಯಾಗಿಯೇ ಕುಳಿತಿರುವುದು. ಮಾಂಸದ ಮಟ್ಟಿಗೆ ಅರಿಸಿನಕ್ಕೆ ಸಲ್ಲುತ್ತಿರುವ ಕೀರ್ತಿಯಲ್ಲಿ ದೊಡ್ಡ ಪಾಲು ಅದರ ಜೊತೆಯಲ್ಲಿ ಬೆರೆಸುವ ಉಪ್ಪಿಗೆ ಸಲ್ಲಬೇಕಾದದ್ದು. ಉಪ್ಪುಕಂಡವನ್ನು ಮಾಡುವ ಮನೆಗಳಲ್ಲಿ ಇದನ್ನು ಪ್ರತ್ಯಕ್ಷವಾಗಿ ಕಾಣಬಹುದು. ಅಲ್ಲಿ ಮಾಂಸವನ್ನು ತಿಂಗಳುಗಟ್ಟಲೆ ಕಾಪಾಡುವುದು ಉಪ್ಪು ಮತ್ತು ಬಿಸಿಲು, ಅಂದರೆ ತೇವವಿಲ್ಲದಿರುವಿಕೆ. ಹಸಿ ಮಾಂಸದಲ್ಲಿ ಆ ಅನುಕೂಲವಿಲ್ಲ.

ಹಾಗಾದರೆ ಲವಂಗದ ಎಣ್ಣೆಯನ್ನೇ ಸವರಿದರಾಗದೇ ಎಂದು ಕೇಳಬಹುದು. ಇಲ್ಲಿ ಎರಡು ತೊಡಕುಗಳಿವೆ. ೧೮೮೪ರಲ್ಲಿ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಎಂಬ ವೈದ್ಯರು ಬ್ಯಾಕ್ಟೀರಿಯಾಗಳಿಗೆ ಬಣ್ಣ ಕಟ್ಟಿ ಎರಡು ಪಂಗಡಗಳಾಗಿ ವಿಂಗಡಿಸುವ ವಿಧಾನವನ್ನು ಕಂಡುಹಿಡಿದರು. ಬಣ್ಣವನ್ನು ಹಿಡಿಯದ ಪಂಗಡದ ಜೀವಿಗಳಿಗೆ ಹೊರಗೆ ಇನ್ನೊಂದು ಪೊರೆಯ ಕವಚವಿರುವುದು. ಸಂಬಾರದ ಎಣ್ಣೆಗಳು ಅದನ್ನು ಸುಲಭವಾಗಿ ದಾಟಲಾರವು. ಮಾಂಸವನ್ನು ಕೆಡಿಸುವುದರಲ್ಲಿ ಮುಂದಾಳಾದ ಸ್ಯೂಡೊಮೊನಾಸ್ ಈ ಕವಚವುಳ್ಳ ಪಂಗಡದಲ್ಲಿಯೇ ಬಹಳ ಗಟ್ಟಿಯಾದ ಜಾತಿ. ಎರಡನೆಯದಾಗಿ, ಪ್ರಯೋಗಶಾಲೆಯ ಗಾಜಿನ ನಳಿಗೆಯೊಳಗಣ ತಿಳಿಸಾರಿನಲ್ಲಿ ತೊಟ್ಟು ಎಣ್ಣೆಯು ಮಾಡುವ ಕೆಲಸವನ್ನು ಮಾಂಸದ ಮೇಲೆ ಮಾಡಿಸಬೇಕಾದರೆ ಅದರ ಹತ್ತರಷ್ಟೋ ಇನ್ನೂ ಹೆಚ್ಚೋ ಬೇಕಾಗುವುದು. ಏಕೆಂದರೆ ಮಾಂಸದ ಕೊಬ್ಬು ಆ ಎಣ್ಣೆಯನ್ನು ತನ್ನಲ್ಲಿಯೇ ಹೀರಿಕೊಂಡುಬಿಡುವುದು. ಅಷ್ಟು ಎಣ್ಣೆಯನ್ನು ಸವರಿದ ಮಾಂಸವನ್ನು ತಿನ್ನುವವನು ಹಲ್ಲುನೋವಿನ ಔಷಧವನ್ನು ಊಟಮಾಡಿದಂತಾಗುವುದು. ಪತ್ರಿಕೆಗಳಲ್ಲಿ ‘ಇಂಥ ಎಲೆಯ ರಸವು ಬ್ಯಾಕ್ಟೀರಿಯಾಗಳನ್ನು ಕೊಂದಿತು’ ಎಂದು ಆಗಾಗ್ಗೆ ಪ್ರಕಟವಾಗುವ ವರ್ತಮಾನಗಳನ್ನು ಓದುವವರು, ಕೊಂದದ್ದು ನಳಿಗೆಯಲ್ಲಿಯೋ ಮಾಂಸದ ಮೇಲೋ ಎಂದು ವಿಚಾರಿಸತಕ್ಕದ್ದು.

ಇಷ್ಟಾಗಿಯೂ, ಮಿತವಾಗಿ ಸವರಿದ ಹಸಿ ಬೆಳ್ಳುಳ್ಳಿ, ಲವಂಗ, ನಿಂಬೆರಸಗಳ ಮಿಶ್ರಣವು ಮೇಲ್ಮೈಯಲ್ಲಿರುವ ಹತ್ತು ಬ್ಯಾಕ್ಟೀರಿಯಾಗಳಲ್ಲಿ ಒಂಬತ್ತನ್ನು ಕೊಂದಿತೆಂದೇ ಉದಾರವಾಗಿ ಒಪ್ಪಿಕೊಳ್ಳೋಣ. ಒಂಬತ್ತು ಸತ್ತುವೆಂದರೆ ದೊಡ್ಡ ಜಯವೆಂದು ತೋರುವುದು. ಆದರೆ ಉಳಿದ ಒಂದು ಮತ್ತೆ ಹತ್ತಾಗಲು ಮೂರೂಕಾಲು ಸಲ ಇಮ್ಮಡಿಯಾದರೆ ಸಾಕು. ಕಣದ ಬಿಸಿಯಲ್ಲಿ ಅದಕ್ಕೆ ಹಿಡಿಯುವ ಕಾಲವು ಒಂದು ಗಂಟೆ ನಲವತ್ತು ನಿಮಿಷ. ಅದೇ ಮಾಂಸವನ್ನು ೨ ಡಿಗ್ರಿಯ ಶೈತ್ಯದಲ್ಲಿ ಇಟ್ಟಿದ್ದರೆ, ಅಲ್ಲಿ ಸ್ಯೂಡೊಮೊನಾಸ್ ಒಮ್ಮೆ ಇಮ್ಮಡಿಯಾಗಲು ಏಳೆಂಟು ಗಂಟೆಗಳು ಬೇಕಾಗುವುದರಿಂದ, ಅದೇ ಮಸಾಲೆಯ ದೆಸೆಯಿಂದ ಪೂರ್ತಿ ಒಂದು ದಿನದ ಲಾಭವು ದೊರೆಯುವುದು. ಮಸಾಲೆಯೂ ಒಂದೇ, ಖರ್ಚೂ ಒಂದೇ; ಶಾಖದಲ್ಲಿ ಅದು ಗಳಿಸಿಕೊಡುವುದು ಎರಡು ಗಂಟೆಗೂ ಕಡಿಮೆ, ಶೈತ್ಯದಲ್ಲಿ ಒಂದು ಹಗಲು ಒಂದು ರಾತ್ರಿ. ಮಂಜುಗಡ್ಡೆ ಬೇಡ, ಅರಿಸಿನ ಸಾಕು ಎನ್ನುವವರು ಈ ಲೆಕ್ಕವನ್ನು ಮಾಡಿಲ್ಲ.

ಹುಳಿ ಪದಾರ್ಥಗಳಿಗೆ ಸಂಬಾರಗಳಿಗಿಂತ ಹೆಚ್ಚಿನ ಮರ್ಯಾದೆಯು ಸಲ್ಲತಕ್ಕದ್ದು. ಕೊಡಗಿನಲ್ಲಿ ಪಣಪುಳಿ ಹಣ್ಣಿನ ರಸವನ್ನು ಕಪ್ಪಗೆ ಮಂದವಾಗುವವರೆಗೆ ಕಾಯಿಸಿ ಕಾಚಂಪುಳಿಯನ್ನು ಮಾಡುವರು. ಹಂದಿಯ ಮಾಂಸಕ್ಕೆ ಇದನ್ನು ಬಳಸುವುದು ಅಲ್ಲಿನ ಬಹು ಹಳೆಯ ರೂಢಿ. ನಿಂಬೆ, ಹುಣಿಸೆ, ಮೊಸರುಗಳಲ್ಲಿಯೂ ಹುಳಿಯೇ ಕೆಲಸ ಮಾಡತಕ್ಕದ್ದು. ಕವಚವುಳ್ಳ ಪಂಗಡದ ಬ್ಯಾಕ್ಟೀರಿಯಾಗಳೂ ಹುಳಿಗೆ ಹೆದರುವುವು. ಯೂರೋಪಿನ ಒಕ್ಕೂಟದವರು ೨೦೧೩ರಲ್ಲಿ, ದನದ ಮಾಂಸದ ಮೇಲ್ಮೈಯಲ್ಲಿರುವ ಬ್ಯಾಕ್ಟೀರಿಯಾಗಳನ್ನು ಕಡಿಮೆಮಾಡುವುದಕ್ಕೆ ನೂರಕ್ಕೆ ೨ರಿಂದ ೫ರವರೆಗಿನ ಲ್ಯಾಕ್ಟಿಕ್ ಆಮ್ಲದ ನೀರನ್ನು ಉಪಯೋಗಿಸಲು ಅನುಮತಿಯನ್ನು ಕೊಟ್ಟರು. ಮೊಸರಿನ ಹುಳಿಯೇ ಅಲ್ಲಿಯ ದೊಡ್ಡ ಕಸಾಯಿಖಾನೆಗಳಲ್ಲಿ ಈ ರೂಪದಿಂದ ಪ್ರವೇಶಮಾಡಿತು. ಆದರೆ ಆ ಅನುಮತಿಯ ಹಿಂದೆ ಇದ್ದ ವಿಚಾರವನ್ನೂ ಗಮನಿಸಬೇಕು: ಶುಚಿತ್ವದ ನಿಯಮಗಳನ್ನು ಪಾಲಿಸಿದ ಮೇಲೆ ಆಮ್ಲವನ್ನು ಉಪಯೋಗಿಸಬಹುದೇ ಹೊರತು, ಹಿಕ್ಕೆ ಮೆತ್ತಿದ ಮಾಂಸವನ್ನು ಅದರಿಂದ ತೊಳೆದು ಶುಚಿಯೆಂದು ಮಾರುವಂತಿಲ್ಲ. ಹಾಲನ್ನು ಹುಳಿಮಾಡುವ ಬ್ಯಾಕ್ಟೀರಿಯಾಗಳಿಂದ ದೊರೆಯುವ ನೈಸಿನ್, ಕೋಳಿಮೊಟ್ಟೆಯ ಬಿಳಿಭಾಗದಲ್ಲಿಯೂ ಇರತಕ್ಕ, ೧೯೨೨ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗರು ವರ್ಣಿಸಿದ ಲೈಸೋಜೈಮ್ ಇವುಗಳ ಹೆಸರೂ ಈಗ ಕೇಳಿಬರುತ್ತಿದೆ. ಇವೆರಡೂ ಕವಚವಿಲ್ಲದ ಪಂಗಡದ ಮೇಲೆ ಮಾತ್ರ ಬಲವಾದುವು. ಹಳ್ಳಿಯ ಹಸಿ ಮಾಂಸಕ್ಕೆ ಇವುಗಳಿಂದ ಸದ್ಯಕ್ಕೆ ಹೆಚ್ಚಿನ ಉಪಯೋಗವಿಲ್ಲ.

ಬಿಸಿ ದೇಶಗಳ ಜನರು ಮಾಂಸವು ಕೆಡದಿರಲೆಂದೇ ಹೆಚ್ಚು ಮಸಾಲೆಯನ್ನು ತಿನ್ನಲು ಕಲಿತರೆಂಬ ಮಾತನ್ನು ಅನೇಕರು ಕೇಳಿರಬಹುದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಇಬ್ಬರು ವಿದ್ವಾಂಸರು ೩೬ ದೇಶಗಳ ನಾಲ್ಕು ಸಾವಿರಕ್ಕೂ ಹೆಚ್ಚು ಮಾಂಸದ ಅಡಿಗೆಗಳನ್ನು ಪರಿಶೀಲಿಸಿ, ೧೯೯೮ರಲ್ಲಿ ಹೀಗೆಂದು ಪ್ರತಿಪಾದಿಸಿದರು. ೨೦೨೧ರಲ್ಲಿ ಬೇರೆ ವಿದ್ವಾಂಸರು ೩೩,೭೫೦ ಅಡಿಗೆಗಳನ್ನು ತೂಗಿನೋಡಿ, ಈ ವಾದಕ್ಕೆ ಸಾಕಾದಷ್ಟು ಆಧಾರವಿಲ್ಲವೆಂದು ತೀರ್ಮಾನಿಸಿದರು. ಮೊದಲನೆಯವರ ಮಾತು ದೇಶಾಭಿಮಾನಕ್ಕೆ ಹಿತವಾಗಿರುವುದರಿಂದ ಅದೇ ಹೆಚ್ಚು ಪ್ರಚಾರದಲ್ಲಿದೆ. ಎರಡನೆಯವರ ಮಾತನ್ನು ಹೇಳುವವರು ಕಡಿಮೆ.

ಈಗ ಅಪಾಯದ ವಿಷಯಕ್ಕೆ ಬರಬೇಕು. ಮಾಂಸವನ್ನು ಕೆಡಿಸುವ ಬ್ಯಾಕ್ಟೀರಿಯಾಗಳೇ ಬೇರೆ, ಮನುಷ್ಯನಿಗೆ ರೋಗವನ್ನು ತರತಕ್ಕವು ಬೇರೆ. ಮೊದಲನೆಯವು ನಾತವನ್ನು ಹುಟ್ಟಿಸಿ, ತಿನ್ನಬೇಡವೆಂದು ಎಚ್ಚರಿಸುವ ಕಾವಲುಗಾರರಿದ್ದ ಹಾಗೆ. ಸಾಲ್ಮೊನೆಲ್ಲಾ ಮುಂತಾದ ಎರಡನೆಯವು ನಾತವಿಲ್ಲದೆ, ಬಣ್ಣಗೆಡದೆ ಮಾಂಸದಲ್ಲಿ ಇರಬಲ್ಲವು. ಲವಂಗ ಬೆಳ್ಳುಳ್ಳಿಗಳ ಘಾಟು ವಾಸನೆಯು ಕಾವಲುಗಾರನ ಬಾಯನ್ನು ಮುಚ್ಚಿಸಬಹುದು. ಕಳ್ಳನು ಒಳಗೇ ಇರುವನು. ನಿನ್ನೆಯ ಮಾಂಸಕ್ಕೆ ಮಸಾಲೆಯನ್ನು ಸವರಿ ಇಂದು ಕೊಯ್ದದ್ದೆಂದು ಮಾರುವ ಅಂಗಡಿಯವನಿಗೆ ಇದು ಅನುಕೂಲವೇ ಸರಿ. ಕೊಯ್ಯುವವನ ಕೈಯಲ್ಲಿ ಹುಣ್ಣಿದ್ದು, ಅದರಿಂದ ಸ್ಟ್ಯಾಫಿಲೊಕಾಕಸ್ ಎಂಬುದು ಮಾಂಸಕ್ಕೆ ತಗುಲಿ ಬಿಸಿಯಲ್ಲಿ ಬೆಳೆದರೆ, ಅದು ಬಿಡುವ ವಿಷವು ಕುದಿಸಿದರೂ ನಾಶವಾಗುವುದಿಲ್ಲ. ಬೀಗರ ಊಟದ ದೊಡ್ಡ ಹಂಡೆಗಳಲ್ಲಿ ಬೇಯಿಸಿದ ಮಾಂಸವು ಸಾಯಂಕಾಲದವರೆಗೆ ಉಗುರುಬೆಚ್ಚಗೆ ನಿಂತಿದ್ದರೆ, ಬೇಯಿಸುವಾಗ ಸಾಯದೆ ಉಳಿದ ಬೀಜಾಣುಗಳಿಂದ ಕ್ಲಾಸ್ಟ್ರಿಡಿಯಂ ಜಾತಿಯು ಎದ್ದು, ಉಂಡವರಿಗೆಲ್ಲಾ ರಾತ್ರಿ ಹೊಟ್ಟೆನೋವೂ ಭೇದಿಯೂ ಆಗುವುದುಂಟು. ಅಂಥ ಸಂದರ್ಭದಲ್ಲಿ ಊರಿನವರು ಹುಡುಕುವುದು ಕುರಿ ಮಾರಿದವನನ್ನು. ಹಂಡೆಯನ್ನು ಯಾರೂ ನೋಡುವುದಿಲ್ಲ. ಇನ್ನು, ತಾನಾಗಿ ಸತ್ತ ಕುರಿಯನ್ನು ಕೊಯ್ದು, ಅರಿಸಿನ ಹಚ್ಚಿ ಬೇಯಿಸಿದರೆ ದೋಷವಿಲ್ಲವೆಂಬ ಮಾತಂತೂ ಪ್ರಾಣಕ್ಕೆ ಮುಳುವಾದದ್ದು. ಆಂಥ್ರಾಕ್ಸ್ ಎಂಬ ನೆರಡಿ ರೋಗದಿಂದ ಸತ್ತ ಕುರಿಯ ಚರ್ಮವನ್ನು ಸುಲಿದವನ ಕೈಗೆ ಹುಣ್ಣೆದ್ದು ಪ್ರಾಣವೇ ಹೋಗಬಹುದು. ಅದನ್ನು ಕೊಯ್ಯದೆ, ಚರ್ಮವನ್ನೂ ಸುಲಿಯದೆ, ಪಶುವೈದ್ಯರಿಗೆ ತಿಳಿಸಿ, ಅವರ ಸಲಹೆಯಂತೆ ಸುಣ್ಣ ಹಾಕಿ ಆಳವಾಗಿ ಹೂಳಿಸುವುದೊಂದೇ ಮಾರ್ಗ.

ಸಂಬಾರವೇ ಮೈಲಿಗೆಯಾಗಿರುವ ಸಂಗತಿಯೂ ಉಂಟು. ಮಣ್ಣಿನ ಕಣದಲ್ಲಿ, ರಸ್ತೆಯ ಬದಿಯಲ್ಲಿ ಕೋಳಿ ನಾಯಿಗಳು ಓಡಾಡುವ ಕಡೆ ಒಣಗಿಸಿದ ಕರಿಮೆಣಸಿನ ಒಂದು ಗ್ರಾಮಿನಲ್ಲಿ ಲಕ್ಷಗಟ್ಟಲೆ, ಕೆಲವು ವೇಳೆ ಹತ್ತು ಲಕ್ಷದವರೆಗೂ ಬ್ಯಾಕ್ಟೀರಿಯಾಗಳು ಇರುವುದುಂಟು. ಇಂಥ ಪುಡಿಯನ್ನು ಹಸಿ ಮಾಂಸಕ್ಕೆ ಸವರುವುದೆಂದರೆ ಕಳೆಯ ಬೀಜವನ್ನು ತಂದು ಹೊಲಕ್ಕೆ ಬಿತ್ತಿದಂತೆ. ಮೆಣಸನ್ನು ಬೆಳೆಯುವ ಜಮೀನುದಾರರು ಕೊಯಿಲಿನ ಅನಂತರ ಕಾಳನ್ನು ಬುಟ್ಟಿಯಲ್ಲಿಟ್ಟು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ, ಶುಚಿಯಾದ ಗಾರೆಯ ನೆಲದ ಮೇಲೋ ಟಾರ್ಪಾಲಿನ ಮೇಲೋ ಒಣಗಿಸಿದರೆ ಮೈಲಿಗೆಯೂ ಕಡಿಮೆಯಾಗುವುದು, ಕಾಳೂ ಒಂದೇ ಸಮನಾಗಿ ಕಪ್ಪಾಗಿ ಒಣಗುವುದು.

ಗ್ರಾಮದ ಮುಖಂಡರಿಂದ ನಿರೀಕ್ಷಿಸತಕ್ಕದ್ದು ಬಹಳ ದೊಡ್ಡ ಕೆಲಸವಲ್ಲ. ಊರಿಗೆ ಒಂದು ಕಡೆ, ಚರಂಡಿಯಿರುವ ಗಾರೆಯ ಕಟ್ಟೆ. ಅದರ ಮೇಲೆ ನೆರಳಿಗೆ ಒಂದು ಚಪ್ಪರ. ಕುರಿಯನ್ನು ನೆಲಕ್ಕೆ ಸೋಕದಂತೆ ತೂಗುಹಾಕಲು ಕೊಕ್ಕೆಗಳುಳ್ಳ ಕಬ್ಬಿಣದ ತೊಲೆ. ಕೊಳವೆಬಾವಿಯ ಶುದ್ಧವಾದ ನೀರು. ಕತ್ತಿಗಳನ್ನು ಅದ್ದಿ ತೆಗೆಯಲು ಕುದಿಯುವ ನೀರಿನ ಒಂದು ಹಂಡೆ. ಸುಲಿದ ಮೇಲೆ ಕೊಡಗಟ್ಟಲೆ ಕೆರೆಯ ನೀರನ್ನು ಸುರಿದು ತೊಳೆಯುವ ಅಭ್ಯಾಸವನ್ನು ನಿಲ್ಲಿಸಬೇಕು. ಅದರಿಂದ ಮೈಲಿಗೆಯು ಹೋಗುವುದಕ್ಕೆ ಬದಲಾಗಿ, ಒಂದು ಕಡೆ ಇದ್ದದ್ದು ಮೈಯೆಲ್ಲಾ ಹರಡುವುದು. ಮೇಲ್ಮೈ ಒದ್ದೆಯಾಗಿರುವುದು ಬ್ಯಾಕ್ಟೀರಿಯಾಗಳಿಗೆ ಬೇಕಾದದ್ದೇ. ಹಿಕ್ಕೆ ತಗುಲಿದ ಜಾಗವಿದ್ದರೆ ಅಷ್ಟನ್ನು ಕತ್ತಿಯಿಂದ ಕೊಯ್ದು ಬಿಸಾಡುವುದು ಮೇಲು. ಚರ್ಮವನ್ನು ಮುಟ್ಟಿದ ಕೈ ಮಾಂಸವನ್ನು ಮುಟ್ಟಬಾರದು. ಇಬ್ಬರು ಆಳುಗಳಿದ್ದರೆ ಒಬ್ಬನು ಸುಲಿಯಲಿ, ಮತ್ತೊಬ್ಬನು ಕತ್ತರಿಸಲಿ.

ಇದಕ್ಕೆಲ್ಲಾ ಹಣವೆಲ್ಲಿಯದೆಂಬ ಆಕ್ಷೇಪಣೆಯು ಬರುವುದು ಸಹಜ. ವರ್ಷವೆಲ್ಲಾ ಚೀಟಿ ಕಟ್ಟಿ ಹತ್ತಾರು ಕುರಿಗಳನ್ನು ಕೊಳ್ಳುವ ಊರಿಗೆ, ಒಂದು ವರ್ಷ ಒಂದೆರಡು ಕುರಿಗಳನ್ನು ಕಡಿಮೆ ಕೊಂಡರೆ ಕಟ್ಟೆಯ ಗಾರೆಗೂ ಕೊಕ್ಕೆಗಳಿಗೂ ಸಾಕಾಗುವಷ್ಟು ಉಳಿಯುವುದು. ಮಂಜುಗಡ್ಡೆಯ ವಿಷಯದಲ್ಲಿ ಇನ್ನೊಂದು ವಿಚಿತ್ರವನ್ನು ಕಾಣಬಹುದು. ಮಂಗಳೂರು, ಮಲ್ಪೆಗಳಿಂದ ಬರುವ ಮೀನನ್ನು ಮಂಜುಗಡ್ಡೆಯಿಲ್ಲದೆ ತಂದರೆ ಒಳನಾಡಿನ ಯಾವ ಊರಿನವರೂ ಕೊಳ್ಳುವುದಿಲ್ಲ. ತಮ್ಮ ಊರಿನಲ್ಲಿಯೇ ಕೊಯ್ದ ಕುರಿಗೆ ಮಂಜುಗಡ್ಡೆಯೆಂದರೆ ಅವರೇ ಮುಖ ಸಿಂಡರಿಸುವರು. ಕೊಯ್ದ ಕೂಡಲೇ ಬಹಳ ತಣ್ಣಗೆ ಮಾಡಿದರೆ ಕುರಿಯ ಮಾಂಸವು ಸೆಡೆತು ಗಡುಸಾಗುವುದೆಂಬ ಅವರ ದೂರಿನಲ್ಲಿ ನಿಜವಿಲ್ಲದಿಲ್ಲ. ನ್ಯೂಜಿಲೆಂಡಿನ ಶಾಸ್ತ್ರಜ್ಞರು ಇದನ್ನು ತೋರಿಸಿಕೊಟ್ಟಿರುವರು. ಆದರೆ ಈ ಕಾರಣದಿಂದ ಮಧ್ಯಾಹ್ನದವರೆಗೆ ಬಿಸಿಯಲ್ಲಿ ಬಿಡುವುದು ಸರಿಯಾಗದು. ಬೆಳಿಗ್ಗೆಯೇ ಬೇಯಿಸುವವರು ಮಂಜುಗಡ್ಡೆಯ ಗೋಜಿಗೆ ಹೋಗಬೇಕಾಗಿಲ್ಲ; ಉಳಿಸುವವರು ಸ್ವಲ್ಪ ಗಡುಸನ್ನು ಸಹಿಸಿಕೊಂಡು ಇನ್ನಷ್ಟು ಹೊತ್ತು ಬೇಯಿಸಿಕೊಳ್ಳಲಿ.

ಹೊಸತೊಡಕಿನ ದಿನ ಒಂಬತ್ತು ಗಂಟೆಯವರೆಗೆ ಒಯ್ಯದೆ ಉಳಿದ ಪಾಲುಗಳನ್ನು ಶುಚಿಯಾದ ಮುಚ್ಚಳದ ಪಾತ್ರೆಗಳಲ್ಲಿ ಹಾಕಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ, ಕರಗಿದ ನೀರು ಮಾಂಸಕ್ಕೆ ಸೋಕದಂತೆ ಇಡಿಸಬೇಕು. ಉಪ್ಪು, ಆಗತಾನೆ ಅರೆದ ಬೆಳ್ಳುಳ್ಳಿ, ನಿಂಬೆಯ ರಸ ಅಥವಾ ಹುಳಿ ಮೊಸರು ಇವುಗಳನ್ನು ಸವರುವುದಾದರೆ ಪೆಟ್ಟಿಗೆಯೊಳಕ್ಕೆ ಇಡುವುದಕ್ಕೆ ಮೊದಲು ಸವರಬೇಕು. ಮಧ್ಯಾಹ್ನ ವಾಸನೆ ಬಂದ ಮೇಲೆ ಸವರುವುದರಿಂದ ವಾಸನೆಯು ಮರೆಯಾಗುವುದೇ ಹೊರತು ಮಾಂಸವು ಸರಿಯಾಗುವುದಿಲ್ಲ. ಪ್ರತಿ ಪಾತ್ರೆಯ ಮೇಲೆ ಪಾಲುಗಾರರ ಹೆಸರಿನೊಡನೆ, ಕುರಿಯನ್ನು ಕೊಯ್ದ ಗಂಟೆಯನ್ನೂ ಬರೆದ ಚೀಟಿಯನ್ನು ಅಂಟಿಸತಕ್ಕದ್ದು. ಪಟ್ಟಣದಿಂದ ತಡವಾಗಿ ಬಂದವನು ಮೂಗಿನ ಬದಲು ಚೀಟಿಯನ್ನು ನೋಡಿ ತನ್ನ ಪಾಲನ್ನು ಒಯ್ಯುವನು.